ಮಳೆ ಹೋದ ವರ್ಷದ ಮದುವೆಗಳು



1972ರ ಬರದ ವರ್ಷ ನಾನು ಹಿರಿಯೂರು ತಾಲ್ಲೂಕಿನ ಆದಿವಾಲದಲ್ಲಿ ಏಳನೆಯ ತರಗತಿಯ ವಿದ್ಯಾರ್ಥಿ. ಲೆಕ್ಕದಲ್ಲಿ ನಮ್ಮೆಲ್ಲರನ್ನೂ ಹಿಂದೆ ಹಾಕುತ್ತಿದ್ದ ಹುಡುಗಿಯೊಬ್ಬಳು ಸಂಕ್ರಾಂತಿ ಕಳೆದ ಮೇಲೆ ಶಾಲೆಗೆ ಬರಲಿಲ್ಲ. ಶೇಂಗಾ ಬೀಜಕ್ಕೆ ಮಾಡಿದ ಸಾಲ ಹಾಗೆಯೇ ಉಳಿದಿತ್ತು. ತಂದೆತಾಯಿ ಕೂಲಿಗೆಂದು ಮಲೆನಾಡಿನ ಕಾಫಿ ತೋಟಗಳಿಗೆ ಹೊರಟಿದ್ದರು. ಬೆಳೆದ ಮಗಳನ್ನು ಯಾರ ವಶಕ್ಕೆ ಬಿಟ್ಟು ಹೋಗುವುದು? ಮದುವೆ ಮಾಡಿಯೇ ಹೋದರು. ಆಗಿನ ಕಾನೂನಿನಂತೆಯೂ ಹೆಣ್ಣಿಗೆ ಹದಿನೈದು ತುಂಬಿರಬೇಕಿತ್ತು, ಅವಳಿಗೆ ಹದಿಮೂರು. ಊರಿನಲ್ಲಿ ಓದಿದವರು ಕೂಡ ಅದನ್ನು ತಪ್ಪೆಂದು ಎಣಿಸಲಿಲ್ಲ. ಊಟಕ್ಕೆ ನಾನೂ ಹೋಗಿದ್ದೆ.

ಆ ತಂದೆತಾಯಿಯನ್ನು ಕಟುಕರೆಂದು ಕರೆಯಲು ನನಗೆ ಇಂದಿಗೂ ನಾಲಗೆ ಏಳದು. ಮಗಳನ್ನು ಕಾಪಾಡಲು ಅವರಿಗೆ ತಿಳಿದಿದ್ದ ಉಪಾಯ ಅದೊಂದೇ.

ಕಾನೂನು ನಮ್ಮ ನಾಡಿಗೆ ಹೊಸದೇನಲ್ಲ. ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ಮೈಸೂರು ಸಂಸ್ಥಾನ 1894ರಲ್ಲಿಯೇ ನಿಷೇಧಿಸಿತು. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯ ಕೈ ಹಿಡಿಯಬಾರದೆಂದೂ ವಿಧಿಸಿತು. ಅದೇ ವರ್ಷದ ಕೊನೆಯಲ್ಲಿ ಚಾಮರಾಜೇಂದ್ರ ಒಡೆಯರು ತೀರಿಕೊಂಡು, ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಆಡಳಿತ ವಹಿಸಿಕೊಂಡರು. ನಮ್ಮ ಮಾರಿಕಣಿವೆಯ ವಾಣಿವಿಲಾಸ ಸಾಗರಕ್ಕಿರುವುದು ಅವರ ಹೆಸರೇ. 1866ರಲ್ಲಿ ಹುಟ್ಟಿದ ಆ ತಾಯಿಗೆ 1878ರಲ್ಲಿ ಮದುವೆಯಾಗಿತ್ತು. ಅರಮನೆಯ ಮಾತೇ ಹೀಗಿದ್ದಾಗ ಗುಡಿಸಲಿನದನ್ನು ಕೇಳಬೇಕೆ?

1978ರಲ್ಲಿ ಹೆಣ್ಣಿನ ಮದುವೆಯ ವಯಸ್ಸು ಹದಿನೆಂಟಕ್ಕೇರಿತು. 2006ರಲ್ಲಿ ಬಾಲ್ಯವಿವಾಹ ನಿಷೇಧ ಕಾಯಿದೆ ಬಂದಿತು. ಅದಕ್ಕೆ ಕರ್ನಾಟಕ ಮಾಡಿದ ತಿದ್ದುಪಡಿಯಂತೆ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. 1098ಕ್ಕೆ ಯಾರಾದರೂ ಕರೆ ಮಾಡಿದರೆ ಅಧಿಕಾರಿಗಳು ಬರುತ್ತಾರೆ, ಚಪ್ಪರ ಕಳಚುತ್ತದೆ. ಒಳ್ಳೆಯದೇ. ಆದರೆ ಮರುದಿನ ಆ ಹುಡುಗಿ ಎಲ್ಲಿರಬೇಕು? ಸಾಲ ಅಲ್ಲಿಯೇ ಇದೆ, ತಂದೆತಾಯಿ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೊರಡುವುದೂ ತಪ್ಪಿಲ್ಲ. ಬಾಗಿಲಿಗೆ ಬೀಗ ಬಿದ್ದ ಮನೆಯಲ್ಲಿ ಕಾನೂನು ಅವಳ ಜೊತೆಗೆ ಮಲಗುವುದಿಲ್ಲ.

ಆದ್ದರಿಂದ ನನ್ನ ಮಟ್ಟಿಗೆ ಈ ಪ್ರಶ್ನೆ ಕೊನೆಗೆ ಒಂದು ಹಾಸಿಗೆ, ಎರಡು ಹೊತ್ತಿನ ಊಟಗಳ ಪ್ರಶ್ನೆ. ಬಡ ಹುಡುಗಿಯರಿಗಾಗಿ 2004ರಲ್ಲಿ ಆರಂಭವಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ಇದನ್ನು ಅರಿತಿದ್ದವು. ಆದರೆ ಮೊದಲಿಗೆ ಅಲ್ಲಿ ಓದು ಎಂಟನೆಯ ತರಗತಿಗೇ ಮುಗಿಯುತ್ತಿತ್ತು. ಅಂದರೆ ಹದಿನಾಲ್ಕರ ಹುಡುಗಿಯನ್ನು, ಮನೆಗೆ ವರ ಬರುವ ಹೊತ್ತಿಗೆ ಸರಿಯಾಗಿ, ನಾವೇ ಮನೆಗೆ ಕಳುಹಿಸುತ್ತಿದ್ದೆವು! ಹನ್ನೆರಡನೆಯ ತರಗತಿಯವರೆಗೆ ವಿಸ್ತರಿಸಲು ಅವಕಾಶ ದೊರೆತದ್ದು 2018ರಲ್ಲಿ.

ಕಳೆದ ವರ್ಷ ಊರಿನಲ್ಲಿ ಆ ಸಹಪಾಠಿ ಸಿಕ್ಕಿದರು. ಈಗ ಅಜ್ಜಿ. ಕುಶಲ ಪ್ರಶ್ನೆ ಮುಗಿಯುವ ಮೊದಲೇ, "ಮೇಷ್ಟ್ರೇ, ಮೊಮ್ಮಗಳು ಒಂಬತ್ತನೇ ಕ್ಲಾಸು. ಹಾಸ್ಟೆಲಲ್ಲಿ ಒಂದು ಸೀಟು ಕೊಡ್ಸಿ" ಎಂದರು. ಜಗಲಿಯ ಮೇಲೆ ಕುಳಿತು ಅರ್ಜಿ ಬರೆದುಕೊಟ್ಟೆ. ವಾರ್ಷಿಕ ಆದಾಯದ ಸಾಲಿಗೆ ಬಂದಾಗ ಅವರೇ ಬೆರಳು ಮಡಿಸಿ ಕೂಡಿಸಿದರು. ನಾನು ಕಾಗದದ ಮೇಲೆ ಕೂಡುವುದಕ್ಕೆ ಮುಂಚೆಯೇ ಮೊತ್ತ ಹೇಳಿದರು.