ಕ್ರೋಶಾ ಕಡ್ಡಿ, ಅಡುಗೆಮನೆ ಮತ್ತು ನಮ್ಮ ಕೂಲಿಯ ಲೆಕ್ಕ

(ಬೆಳ್ಳಿ ಹಬ್ಬದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂದರ್ಭದಲ್ಲಿ ಸಾಲ, ಬೀಜ, ಗೊಬ್ಬರ, ತೊಗರಿ ಇವುಗಳ ಬಗ್ಗೆ ತಿಳಿದವರು ಮಾತಾಡಿದ್ದಾರೆ. ನನಗೆ ಕೊಟ್ಟ ವಿಷಯ ಸಣ್ಣದು. ಅಂಗೈಯೊಳಗ ಹಿಡಿಸೋ ಒಂದು ಕಡ್ಡಿ, ಒಂದು ಉಂಡಿ ನೂಲು. ಇದಕ್ಕೆ "ಖಾಲಿ ಕುಂತಾಗ ವ್ಯಾಳ್ಯಾ ಕಳೆಯೋ ಕೆಲಸ" ಅಂತ ಹೆಸರು ಬಿದ್ದಿದೆ. ಆ ಹೆಸರನ್ನು ತೆಗೀಬೇಕು ಅನ್ನೋದೇ ನನ್ನ ಮಾತಿನ ಸಾರ.

ಕೈಕೆಲಸ ನಮಗೆ ಹೊಸದಲ್ಲ. ಹಳೆ ಸೀರಿ ಕೂಡಿಸಿ ಕೌದಿ ಹೊಲಿದವರು ನಾವು. ಕೂಸಿಗೆ ಕುಂಚಗಿ ಹೊಲಿದವರು ನಾವು. ನಮ್ಮ ತಾಂಡಾಗಳ ಅಕ್ಕಂದಿರು ಕವಡಿ, ಕನ್ನಡಿ ಹಚ್ಚಿ ಮಾಡೋ ಕೆಲಸ ನೋಡಿದವರು ಬೆರಗಾಗುತ್ತಾರೆ. ಬೆಕ್ಕಿಗೆ ಸಿಗದ ಹಾಗೆ ಹಾಲು-ಮೊಸರು ಮೇಲಿಡಲು ಹಗ್ಗದ ನೆಲವು ಕಟ್ಟುತ್ತಿದ್ದರು. ಕ್ರೋಶಾ ಮಾತ್ರ ಹೊರಗಿನಿಂದ ಬಂದದ್ದು. ಅದು ಫ್ರೆಂಚ್ ಮಾತು, ಸಣ್ಣ ಕೊಕ್ಕೆ ಅಂತ ಅರ್ಥ. ಐರ್ಲೆಂಡ್ ದೇಶದಲ್ಲಿ 1845ರಿಂದ ಆಲೂಗಡ್ಡೆ ಬೆಳೆ ರೋಗಕ್ಕೆ ತುತ್ತಾಗಿ ಬರ ಬಿದ್ದಾಗ, ಅಲ್ಲಿಯ ಕ್ರೈಸ್ತ ಸನ್ಯಾಸಿನಿಯರು ಹೆಣ್ಣುಮಕ್ಕಳಿಗೆ ಈ ಕೆಲಸ ಕಲಿಸಿದರು. ಎಷ್ಟೋ ಮನೆಗಳ ಒಲೆ ಉರಿದದ್ದು ಇದರಿಂದ. ಹಸಿವಿನ ಕಾಲಕ್ಕೆ ಅನ್ನ ಹಾಕಿದ ಕೆಲಸವನ್ನು ವ್ಯಾಳ್ಯಾ ಕಳೆಯೋದು ಅಂತ ಹ್ಯಾಂಗ ಅನ್ನೋದು?

ನಮ್ಮಲ್ಲಿ ಒಂದು ಕಾಲಕ್ಕೆ ಟಿ.ವಿ., ರೇಡಿಯೊ ಮೇಲೆ ಹಾಸೋ ಬಟ್ಟೆಗೇ ಕ್ರೋಶಾ ಮೀಸಲಾಗಿತ್ತು. ಈಗಿನ ಟಿ.ವಿ. ಗೋಡೆಗೆ ಅಂಟಿಕೊಂಡದ, ಅದರ ತಲೆ ಮ್ಯಾಲೆ ಜಾಗಾನೇ ಇಲ್ಲ! ಆದ್ದರಿಂದ ಶೋಕಿಗಿಂತ ಮೊದಲು ದಿನಾ ಕೈಗೆ ಬೇಕಾಗುವ ಸಾಮಾನು ಮಾಡೋಣ. ಅಡುಗೆಮನೆಯಿಂದಲೇ ಶುರು ಮಾಡೋಣ.

ಮೊದಲು ನೂಲು. ಬಿಸಿ ತಾಗುವ ಸಾಮಾನಿಗೆ ಹತ್ತಿ ನೂಲೇ ಬೇಕು. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವ ಬಣ್ಣದ ಉಂಡಿ ಬಹಳ ಮಟ್ಟಿಗೆ ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್ ಜಾತಿಯದು. ಕಾದ ಹಂಚು ತಾಗಿದರೆ ಕರಗಿ ಕೈಗೆ ಹತ್ತುತ್ತದೆ. ಅದು ತೋರಣಕ್ಕೆ, ಕುಲಾಯಿಗೆ ಇರಲಿ. ದಪ್ಪ ಹತ್ತಿ ನೂಲಿಗೆ 3.5 ಅಥವಾ 4 ಮಿಲಿಮೀಟರ್ ಕಡ್ಡಿ ಸಾಕು.

ಹೆಣಿಕೆಯಲ್ಲಿ ಮೂರು ಪಾಠ ಕಲಿತರೆ ಆಯಿತು. ಕುಣಿಕೆಯೊಳಗಿಂದ ನೂಲು ಎಳೀತಾ ಹೋದರೆ ಸರಪಳಿ. ಸರಪಳಿಯ ಮನೆಯೊಳಗೆ ಕಡ್ಡಿ ತೂರಿಸಿ ನೂಲು ಎಳೆದರೆ ಕಡ್ಡಿ ಮೇಲೆ ಎರಡು ಕುಣಿಕೆ ಬರುತ್ತವೆ. ಮತ್ತೆ ನೂಲು ಹಿಡಿದು ಎರಡನ್ನೂ ಕೂಡಿ ದಾಟಿಸಿದರೆ ಗಿಡ್ಡ ಕಂಬ. ತೂರಿಸುವ ಮೊದಲೇ ಕಡ್ಡಿಗೆ ಒಂದು ಸುತ್ತು ನೂಲು ಹಾಕಿಕೊಂಡು, ಮೂರು ಕುಣಿಕೆಗಳನ್ನು ಎರಡೆರಡಾಗಿ ಬಿಡಿಸಿದರೆ ಉದ್ದ ಕಂಬ. ಇಷ್ಟೇ ನೋಡ್ರಿ.

ಒಂದನೆಯ ಸಾಮಾನು ಮಸಿಅರಿವಿ. ರೊಟ್ಟಿ ಹಂಚು, ಸಾರಿನ ಬೋಗಾಣಿ ಇಳಿಸಲು ಹಳೆ ಸೀರಿ ಚೂರು ಹಿಡೀತೀವಿ. ಅದರ ತುದಿ ಜೋತು ಬಿದ್ದು ಉರಿ ಹಿಡಿಯುವ ಭಯ ಇದ್ದೇ ಇರುತ್ತದೆ. ಏಳು ಇಂಚು ಉದ್ದ ಬರುವ ತನಕ ಸರಪಳಿ ಹಾಕಿ. ಮೇಲೆ ಗಿಡ್ಡ ಕಂಬಗಳ ಸಾಲು. ಪ್ರತಿ ಸಾಲು ತಿರುಗಿಸುವಾಗ ಒಂದು ಸರಪಳಿ ಜಾಸ್ತಿ ಹಾಕಿ. ಚೌಕ ಆದ ಮೇಲೆ ಅಂಥದ್ದೇ ಇನ್ನೊಂದು ಮಾಡಿ, ಎರಡನ್ನೂ ಕೂಡಿಸಿ ಅಂಚು ಹೆಣೆಯಿರಿ. ಒಂದು ಮೂಲೆಗೆ ಗೂಟಕ್ಕೆ ಹಾಕಲು ಕುಣಿಕೆ ಇರಲಿ. ಒಂದು ಮಾತು ಮರೀಬ್ಯಾಡ್ರಿ: ಹಸಿ ಅರಿವಿಯಿಂದ ಬಿಸಿ ಪಾತ್ರೆ ಹಿಡಿಯಬಾರದು. ನೀರು ಬಿಸಿಯನ್ನು ಬೇಗ ಕೈಗೆ ಮುಟ್ಟಿಸುತ್ತದೆ.

ಎರಡನೆಯದು ಮಜ್ಜಿಗೆ ಚರಿಗೆ, ಹಾಲಿನ ಬೋಗಾಣಿ ಮುಚ್ಚುವ ಮಣಿಯ ಮುಚ್ಚಳ. ಇದಕ್ಕೆ ತೆಳು ಹತ್ತಿ ನೂಲು, ಸಣ್ಣ ಕಡ್ಡಿ. ನಾಲ್ಕು ಸರಪಳಿ ಕೂಡಿಸಿ ಉಂಗುರ ಮಾಡಿ. ಮೊದಲ ಸುತ್ತಿನಲ್ಲಿ 12 ಉದ್ದ ಕಂಬ, ಎರಡನೆಯದರಲ್ಲಿ 24, ಮೂರನೆಯದರಲ್ಲಿ 36, ನಾಲ್ಕನೆಯದರಲ್ಲಿ 48. ಪ್ರತಿ ಸುತ್ತಿಗೆ 12 ಹೆಚ್ಚಬೇಕು. ಸುತ್ತು ಶುರು ಮಾಡುವಾಗ ಹಾಕುವ ಮೂರು ಸರಪಳಿಯೂ ಒಂದು ಕಂಬವೇ, ಅದನ್ನೂ ಲೆಕ್ಕಕ್ಕೆ ಹಿಡೀರಿ. ಹೆಣಿಕೆ ಬಟ್ಟಲ ಹಾಗೆ ಮೇಲೆದ್ದರೆ ಕಂಬ ಕಡಿಮೆ ಬಿದ್ದವು ಎಂದರ್ಥ. ನಿರಿಗೆ ಬಿದ್ದು ಅಲೆ ಅಲೆ ಆದರೆ ಹೆಚ್ಚಾದವು. ಪಾತ್ರೆಯ ಬಾಯಿಗಿಂತ ಎರಡು ಬೆರಳು ಹೊರಗೆ ಬಂದ ಮೇಲೆ, ಕಡೆಯ ಸುತ್ತಿಗೆ ಸರಪಳಿಯ ಕುಣಿಕೆ ಹಾಕಿ ಒಂದೊಂದಕ್ಕೂ ಒಂದು ಗಾಜಿನ ಮಣಿ ಕೂಡಿಸಿ. ಮಣಿಯ ಭಾರಕ್ಕೆ ಗಾಳಿಗೂ ಹಾರುವುದಿಲ್ಲ, ನೊಣವೂ ಬೀಳುವುದಿಲ್ಲ.

ಮೂರನೆಯದು ಉಳ್ಳಾಗಡ್ಡಿ ಚೀಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಉಳ್ಳಾಗಡ್ಡಿ, ಬಳ್ಳೊಳ್ಳಿ ಬೆವತು ಕೊಳೀತಾವ. ಜಾಳಿಗೆ ಚೀಲದಾಗ ಗಾಳಿ ಆಡ್ತದ. ದಪ್ಪ ನೂಲಿನಿಂದ ಈಗ ಹೇಳಿದ ಹಾಗೆ ನಾಲ್ಕು ಸುತ್ತು, 48 ಕಂಬದ ತಳ ಮಾಡಿ. ಆಮೇಲೆ ಆರು ಸರಪಳಿ ಹಾಕಿ ಪ್ರತಿ ಮೂರನೆಯ ಕಂಬಕ್ಕೆ ಹಿಡಿಯಿರಿ, 16 ಕುಣಿಕೆ ಆಗುತ್ತವೆ. ಮುಂದಿನ ಸುತ್ತುಗಳಲ್ಲಿ ಆರು ಸರಪಳಿ ಹಾಕಿ ಕೆಳಗಿನ ಕುಣಿಕೆಯ ನಡುವಿಗೆ ಹಿಡಿಯುತ್ತಾ ಹೋಗಿ. ಒಂದು ಅಡಿ ಎತ್ತರ ಬಂದಾಗ ಗಿಡ್ಡ ಕಂಬದಿಂದ ಬಾಯಿ ಗಟ್ಟಿ ಮಾಡಿ ಹಿಡಿಕೆ ಹಚ್ಚಿ. ಇದನ್ನೇ ಉದ್ದ ಮಾಡಿದರೆ ಸಂತೆ ಚೀಲ. ಹಿಡಿಕೆ ಉದ್ದ ಮಾಡಿದರೆ ಹೆಗಲಿಗೆ ಹಾಕುವ ಜೋಳಿಗೆ. ನಮ್ಮ ಅಫಜಲಪುರ ತಾಲೂಕಿನ ಗಾಣಗಾಪುರಕ್ಕೆ ಬರುವ ದತ್ತ ಭಕ್ತರು ಮಧುಕರಿ ಬೇಡುವ ಪದ್ಧತಿ ಇದೆ. ಹುಣ್ಣಿಮೆಯ ಜನಸಂದಣಿಯಲ್ಲಿ ಇಂಥ ಜೋಳಿಗೆಗೆ ಗಿರಾಕಿ ಸಿಗಲಾರರೇ?

ಗಿರಾಕಿ ಅಂದ ಕೂಡಲೇ ದರದ ಮಾತು ಬರುತ್ತದೆ. ಇಲ್ಲಿ ಸ್ವಲ್ಪ ನಿಲ್ಲೋಣ. 2024-25ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿಯ ದಿನಗೂಲಿ 349 ರೂಪಾಯಿ ಇತ್ತು. ಎಂಟು ತಾಸಿಗೆ ಹಂಚಿದರೆ ತಾಸಿಗೆ ಸುಮಾರು 44 ರೂಪಾಯಿ. ಎರಡು ಪದರಿನ ಮಸಿಅರಿವಿಗೆ ಮೂರು ತಾಸು ಹಿಡಿದರೆ, ಬರೀ ಕೂಲಿಯೇ 130ರ ಮೇಲೆ. ನೂಲಿನ ರೊಕ್ಕ ಬ್ಯಾರೆ. ಅಂಗಡಿಯವರು ಒಂದಕ್ಕೆ 30 ರೂಪಾಯಿ ಕೊಡ್ತೀನಿ ಅಂದರೆ, ನಾವು ಮಾರಿದ್ದಲ್ಲ, ಕೈಯಿಂದ ಹಾಕಿ ಕೊಟ್ಟದ್ದು. ಹಾಗಾದರೆ ಮಸಿಅರಿವಿ ಮನೆಗೆ, ಮಗಳ ಸಂಸಾರಕ್ಕೆ, ಉಡುಗೊರೆಗೆ ಇರಲಿ. ಮಾರಲಿಕ್ಕೆ ಜಾಳಿಗೆ ಕೆಲಸ ಆರಿಸೋಣ. ಅದರಲ್ಲಿ ತೂತೇ ಹೆಚ್ಚು, ಆದ್ದರಿಂದ ನೂಲೂ ಕಡಿಮೆ, ವೇಳೆಯೂ ಕಡಿಮೆ.

ಇನ್ನೊಂದು ಸಂಗತಿ. ಸ್ವೆಟರ್ ಹೆಣೆಯಲು ಯಂತ್ರ ಬಂದಿದೆ. ಕ್ರೋಶಾವನ್ನು ಹೋಲುವ ಪಟ್ಟಿ ಮಾಡುವ ಯಂತ್ರವೂ ಇದೆ. ಆದರೆ ನಿಜವಾದ ಕ್ರೋಶಾ ಈಗಲೂ ಕೈಯಿಂದಲೇ ಆಗಬೇಕು. ಪೇಟೆಯಲ್ಲಿ ಅಂಥ ಸಾಮಾನು ಅಗ್ಗಕ್ಕೆ ಸಿಕ್ಕರೆ ಎಲ್ಲೋ ಒಬ್ಬ ತಂಗಿಗೆ ಕೂಲಿ ತಪ್ಪಿದೆ ಎಂದೇ ತಿಳಿಯಬೇಕು.

ಇದಕ್ಕೆ ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರವೇ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಶನರಿಗಳು ಅಲ್ಲಿ ಕ್ರೋಶಾ ಲೇಸ್ ಕಲಿಸಿದರು. ಸಾವಿರಾರು ಹೆಣ್ಣುಮಕ್ಕಳು ಮನೆಯಲ್ಲಿ ಕೂತು ಹೆಣೆದರು, ಮಾಲು ಹೊರದೇಶಕ್ಕೆ ಹೋಯಿತು. ಜರ್ಮನಿಯ ಮಾರಿಯಾ ಮೀಸ್ ಎಂಬ ವಿದ್ವಾಂಸೆ ಅಲ್ಲಿಯೇ ಇದ್ದು ನೋಡಿ 1982ರಲ್ಲಿ ಪುಸ್ತಕ ಬರೆದರು. ದಿನಕ್ಕೆ ಆರೆಂಟು ತಾಸು ದುಡಿದರೂ ಅವರನ್ನು ಕೆಲಸಗಾರರೆನ್ನದೆ ಮನೆವಾರ್ತೆಯವರು ಎಂದೇ ಕರೆದರು. ಬಿಡುವಿನ ಕೆಲಸ ಎಂಬ ಹೆಸರಿನಿಂದಲೇ ಕೂಲಿ ಕೆಳಗಿಳಿಯಿತು, ಲಾಭ ವ್ಯಾಪಾರಿಗಳಿಗೆ ಹೋಯಿತು ಎಂದು ಅವರು ತೋರಿಸಿದರು. ಆ ಲೇಸಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಸಿಕ್ಕ ಗುರುತು ಅಂಥದ್ದೇ. ಸಂತೋಷ. ಆದರೆ ಗುರುತು ಮಾಲಿಗೆ ಸಿಕ್ಕರೆ ಸಾಲದು, ಲೆಕ್ಕದ ವಹಿ ದುಡಿದವರ ಕೈಯಲ್ಲಿರಬೇಕು.

ಆ ವಹಿ ಹಿಡಿಯಲಿಕ್ಕೇ ಸಹಕಾರ ಹುಟ್ಟಿದ್ದು. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ್ದು, ರೈತ ಒಬ್ಬನೇ ಸಾಹುಕಾರನ ಮುಂದೆ ನಿಲ್ಲಬಾರದು ಅಂತ. ಹೆಣಿಕೆ ಮಾಡುವ ಅಕ್ಕನೂ ಒಬ್ಬಳೇ ವ್ಯಾಪಾರಿಯ ಮುಂದೆ ನಿಲ್ಲಬಾರದು.

ಆದ್ದರಿಂದ ಸಂಘಕ್ಕೆ ನನ್ನ ವಿನಂತಿ ಮೂರು. ಒಂದು: ಜೇವರ್ಗಿ, ಅಫಜಲಪುರದ ಹೊಲಗಳಲ್ಲಿ ಹತ್ತಿ ಬಿಡಿಸಿದ ಕೈಗಳೇ ನೂಲಿನ ಉಂಡಿಯನ್ನು ಚಿಲ್ಲರೆ ದರಕ್ಕೆ ಕೊಳ್ಳುತ್ತವೆ. ಸಂಘ ಸಗಟು ದರಕ್ಕೆ ತರಿಸಿ ಕೊಡಲಿ. ಎರಡು: ಪ್ರತಿ ಸಾಮಾನಿಗೆ ನೂಲೆಷ್ಟು, ತಾಸೆಷ್ಟು ಎಂದು ಬರೆದು, ಅದರ ಕೆಳಗೆ ಯಾರೂ ಮಾರಬಾರದ ದರವನ್ನು ಸದಸ್ಯೆಯರೇ ಕೂತು ಗೊತ್ತು ಮಾಡಲಿ. ಮೂರು: ಗಾಣಗಾಪುರದ ಹುಣ್ಣಿಮೆ, ಕಲಬುರಗಿ ಶರಣಬಸವೇಶ್ವರ ಜಾತ್ರೆ ಇಂಥ ಕಡೆ ಸಂಘದ ಹೆಸರಿನಲ್ಲಿ ಒಂದು ಮಳಿಗೆ ಇರಲಿ. ರೊಕ್ಕ ಅವರವರ ಖಾತೆಗೇ ಜಮಾ ಆಗಲಿ.

ಜೋಳದ ರಾಶಿ ಮುಗಿದ ಮೇಲೆ ಮಿರಗದ ಮಳೆ ಬರೋ ತನಕ ಹೊಲದಾಗ ಕೂಲಿ ಸಿಗೋದು ಕಷ್ಟ. ಬಿಸಿಲಿನ ಆ ಎರಡು ಮೂರು ತಿಂಗಳು ಕಲಿಯಲು ಒಳ್ಳೆಯ ಕಾಲ. ಹಗಲ ಬೆಳಕಿನಲ್ಲೇ ಹೆಣೆಯಿರಿ, ಮಬ್ಬಿನಾಗ ಕಪ್ಪು ನೂಲು ಹಿಡಿದು ಕಣ್ಣು ದಣಿಸಿಕೊಳ್ಳಬ್ಯಾಡ್ರಿ. ಬರುವ ವಾರ್ಷಿಕ ಸಭೆಯ ಜಮಾ-ಖರ್ಚಿನಲ್ಲಿ ತೊಗರಿ, ಗೊಬ್ಬರದ ಸಾಲಿನ ಕೆಳಗೆ "ಹೆಣಿಕೆ" ಅಂತ ಒಂದು ಸಾಲು ಕಾಣಲಿ. ಸಣ್ಣ ಮೊತ್ತವೇ ಇರಲಿ, ಲೆಕ್ಕಕ್ಕೆ ಬರಲಿ.