ವಿಡಿಯೊ ಸಂಕಲನದ ಕೊನೆಯ ಹಂತ



ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮುಂತಾದ ನಗರಗಳಲ್ಲಿ ಕನ್ನಡ ಸಂಘಗಳು ಏರ್ಪಡಿಸುವ ನಾಟಕ, ಯಕ್ಷಗಾನಗಳನ್ನು ಇಂದು ಸದಸ್ಯರೇ ಚಿತ್ರೀಕರಿಸಿ, ಗಣಕಯಂತ್ರದಲ್ಲಿ ಸಂಕಲನ ಮಾಡುತ್ತಾರೆ. ಆದರೆ ಸಂಕಲನ ಮುಗಿದ ಮಾತ್ರಕ್ಕೆ ಚಿತ್ರ ಸಿದ್ಧವಾಯಿತೆಂದು ತಿಳಿಯಲಾಗದು.

ಸಂಕಲನ ತಂತ್ರಾಂಶವು ಉಳಿಸಿಡುವ ‘ಪ್ರಾಜೆಕ್ಟ್’ ಕಡತದಲ್ಲಿ ಸಾಮಾನ್ಯವಾಗಿ ಚಿತ್ರವಾಗಲಿ ಧ್ವನಿಯಾಗಲಿ ಇರುವುದಿಲ್ಲ. ಯಾವ ದೃಶ್ಯವನ್ನು ಎಲ್ಲಿ ಕತ್ತರಿಸಬೇಕು, ಯಾವುದಕ್ಕೆ ಜೋಡಿಸಬೇಕು ಎಂಬ ಸೂಚನೆಗಳಷ್ಟೇ ಇರುತ್ತವೆ. ಅದು ಅಡುಗೆಯ ವಿಧಾನವನ್ನು ಬರೆದಿಟ್ಟ ಚೀಟಿಯೇ ಹೊರತು ಅಡುಗೆಯಲ್ಲ. ಸ್ಥಳಾಭಾವದಿಂದ ಮೂಲ ದೃಶ್ಯಗಳನ್ನು ಅಳಿಸಿದರೆ ಆ ಚೀಟಿ ನಿರುಪಯುಕ್ತವಾಗುತ್ತದೆ. ಮತ್ತೊಮ್ಮೆ ನಡೆಯದ ಪ್ರಯೋಗವೊಂದು ಶಾಶ್ವತವಾಗಿ ಕಳೆದುಹೋಗುತ್ತದೆ.

ಆ ಸೂಚನೆಗಳಂತೆ ಒಂದೊಂದು ಚೌಕಟ್ಟನ್ನೂ ಲೆಕ್ಕಹಾಕಿ ರಚಿಸುವ ಕ್ರಿಯೆಯೇ ರೆಂಡರಿಂಗ್. ಸೆಕೆಂಡಿಗೆ 25 ಚೌಕಟ್ಟುಗಳಂತೆ 90 ನಿಮಿಷಗಳ ನಾಟಕಕ್ಕೆ 1,35,000 ಚೌಕಟ್ಟುಗಳಾಗುತ್ತವೆ. ಈ ಕಾರ್ಯಕ್ಕೆ ದೀರ್ಘಕಾಲ ಹಿಡಿಯುವುದು ಸಹಜ. ಹೀಗೆ ರಚಿತವಾದುದನ್ನು ಸ್ವತಂತ್ರ ಕಡತವಾಗಿ ಹೊರತರುವುದು ಎಕ್ಸ್‌ಪೋರ್ಟ್.

ಎಕ್ಸ್‌ಪೋರ್ಟ್ ಮಾಡುವಾಗ ಉದ್ದೇಶವನ್ನು ಮೊದಲು ನಿಶ್ಚಯಿಸಬೇಕು. ಹಂಚಿಕೆಯ ಪ್ರತಿಗೆ 2003ರಲ್ಲಿ ಅಂಗೀಕೃತವಾದ ಎಚ್.264 ಸಂಕೋಚನ ಪದ್ಧತಿ ಅನುಕೂಲಕರ. ಮೊಬೈಲ್, ದೂರದರ್ಶನ ಯಂತ್ರಗಳಲ್ಲಿ ಬಹುಪಾಲು ಇದನ್ನು ಓದಬಲ್ಲವು. ಸೆಕೆಂಡಿಗೆ 8 ಮೆಗಾಬಿಟ್ ದರದಲ್ಲಿ ಒಂದು ಗಂಟೆಯ ಚಿತ್ರ ಸುಮಾರು 3.6 ಗಿಗಾಬೈಟ್, 90 ನಿಮಿಷಗಳದು 5.4 ಗಿಗಾಬೈಟ್ ಆಗುತ್ತದೆ. ಫ್ಯಾಟ್32 ವಿಧಾನದಲ್ಲಿ ಸಿದ್ಧಪಡಿಸಿದ ಪೆನ್‌ಡ್ರೈವ್‌ನಲ್ಲಿ 4 ಗಿಗಾಬೈಟ್ ಮೀರಿದ ಒಂದೇ ಕಡತವನ್ನು ಇಡಲಾಗದು, ಎಷ್ಟೇ ಜಾಗ ಖಾಲಿಯಿದ್ದರೂ. ಎಕ್ಸ್‌ಫ್ಯಾಟ್ ವಿಧಾನದಲ್ಲಿ ಈ ಅಡ್ಡಿಯಿಲ್ಲ.

ಹಂಚಿಕೆಯ ಪ್ರತಿಯೊಂದೇ ಸಾಲದು. ಇಂತಹ ಸಂಕೋಚನ ಪ್ರತಿಬಾರಿಯೂ ಚಿತ್ರದ ಸೂಕ್ಷ್ಮ ವಿವರಗಳನ್ನು ಸ್ವಲ್ಪ ಸ್ವಲ್ಪವೇ ಕಳೆಯುತ್ತದೆ. ಕಳೆದದ್ದು ಮರಳಿ ಬಾರದು. ಆದುದರಿಂದ ಉನ್ನತ ಗುಣಮಟ್ಟದ ಮೂಲಪ್ರತಿಯೊಂದನ್ನು ಪ್ರತ್ಯೇಕವಾಗಿ ಹೊರತರಬೇಕು. ಆಪಲ್ ಸಂಸ್ಥೆ 2007ರಲ್ಲಿ ಪರಿಚಯಿಸಿದ ಪ್ರೋರೆಸ್ 422 ಪದ್ಧತಿಯಲ್ಲಿ, 1920 × 1080 ಅಳತೆಯ, ಸೆಕೆಂಡಿಗೆ 25 ಚೌಕಟ್ಟುಗಳ ಒಂದು ಗಂಟೆಯ ಚಿತ್ರಕ್ಕೆ ಸುಮಾರು 55 ಗಿಗಾಬೈಟ್ ಬೇಕು. ಮುಂದೆ ಯಾವ ಪ್ರತಿ ಬೇಕಾದರೂ ಇದರಿಂದಲೇ ತೆಗೆಯಬಹುದು.

ಹೊರತಂದ ಕಡತವನ್ನು ಆದಿಯಿಂದ ಅಂತ್ಯದವರೆಗೆ ನೋಡಿ, ಮಾತು ಮತ್ತು ತುಟಿಯ ಚಲನೆ ಹೊಂದುತ್ತಿವೆಯೇ, ಕನ್ನಡ ಶೀರ್ಷಿಕೆಗಳ ಒತ್ತಕ್ಷರಗಳು ಸರಿಯಾಗಿ ಮೂಡಿವೆಯೇ ಎಂದು ಪರಿಶೀಲಿಸುವುದು ಅವಶ್ಯ. ಮೂಲಪ್ರತಿಯನ್ನು ಎರಡು ಬೇರೆ ಬೇರೆ ಸ್ಥಳಗಳಲ್ಲಿ ಕಾಪಾಡಿದ ನಂತರವೇ ಮೂಲ ದೃಶ್ಯಗಳನ್ನು ತೆಗೆಯುವ ವಿಚಾರ ಮಾಡಬೇಕು. ದೂರದ ಊರಿನಲ್ಲಿ ಶ್ರಮಪಟ್ಟು ಆಡಿದ ಕನ್ನಡ ನಾಟಕ ಮುಂದಿನ ಪೀಳಿಗೆಗೆ ದೊರೆಯಬೇಕಾದರೆ ಇಷ್ಟು ಎಚ್ಚರಿಕೆ ಬೇಕೇಬೇಕು.