ಕೊಳ್ಳುವ ಕಡೆಯಿಂದ ಮಾರುವ ಕಡೆಗೆ

ಅರುಂಧತಿ ಭಟ್ಟಾಚಾರ್ಯ 1977ರಲ್ಲಿ ಸ್ಟೇಟ್ ಬ್ಯಾಂಕ್ ಸೇರಿದ್ದು ಪ್ರೊಬೇಷನರಿ ಆಫೀಸರ್ ಆಗಿ. 2013ರಲ್ಲಿ ಮುಂಬಯಿಯ ನರಿಮನ್ ಪಾಯಿಂಟ್‌ನ ಕೇಂದ್ರ ಕಚೇರಿಯಲ್ಲಿ ಅದೇ ಬ್ಯಾಂಕಿನ ಮೊದಲ ಮಹಿಳಾ ಅಧ್ಯಕ್ಷೆಯಾದರು.

1913ರಲ್ಲಿ ಹುಟ್ಟಿದ ನಮ್ಮ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾದದ್ದೂ ಅವರ ಅವಧಿಯಲ್ಲೇ. ಕನ್ನಡಿಗರಿಗೆ ಅದು ನೋವಿನ ಸಂಗತಿ, ನಿಜ. ಆದರೆ ಅವರ ಇನ್ನೊಂದು ನಿರ್ಧಾರವನ್ನು ಮೆಚ್ಚಲೇಬೇಕು. ಮಕ್ಕಳ ಅಥವಾ ಹಿರಿಯರ ಆರೈಕೆಗೆಂದು ಮಹಿಳಾ ನೌಕರರು ಎರಡು ವರ್ಷ ರಜೆ ಪಡೆದು ಮತ್ತೆ ಕೆಲಸಕ್ಕೆ ಮರಳುವ ಅವಕಾಶ ಕೊಟ್ಟರು. ಮಗಳ ಹತ್ತನೇ ತರಗತಿ, ಹಾಸಿಗೆ ಹಿಡಿದ ಅತ್ತೆ, ಬೆಳಿಗ್ಗೆ ಡೊಂಬಿವಲಿಯಿಂದ ಹಿಡಿಯಬೇಕಾದ ಮುಂಬಯಿ ಲೋಕಲ್ ರೈಲು: ಇವುಗಳ ನಡುವೆ ಸಿಕ್ಕಿದ ಹೆಣ್ಣಿಗೆ ರಾಜೀನಾಮೆಯೊಂದೇ ದಾರಿಯಾಗಿ ಉಳಿಯಲಿಲ್ಲ.

ನಿವೃತ್ತಿಯ ಬಳಿಕ, 2020ರ ಏಪ್ರಿಲ್‌ನಲ್ಲಿ, ಅರವತ್ತು ದಾಟಿದ ಮೇಲೆ ಅವರು ಸೇಲ್ಸ್‌ಫೋರ್ಸ್‌ನ ಭಾರತ ವಿಭಾಗದ ಮುಖ್ಯಸ್ಥೆಯಾದರು. ಲಾಕ್‌ಡೌನ್ ಕಾಲ. ಗ್ರಾಹಕರೊಂದಿಗಿನ ವ್ಯವಹಾರ ನೋಡಿಕೊಳ್ಳುವ ಸಾಫ್ಟ್‌ವೇರನ್ನು ಬೇರೆ ಸಂಸ್ಥೆಗಳಿಗೆ ಮಾರುವ ಕಂಪನಿ ಅದು. ಬ್ಯಾಂಕಿನಲ್ಲಿದ್ದಾಗ ಅವರು ಕೊಳ್ಳುವ ಕಡೆ ಇದ್ದವರು; ಕೊಳ್ಳುವವರ ಅಳುಕು ಬಲ್ಲವರು ಮಾರಲು ನಿಂತರೆ ಮಾತಿಗೆ ತೂಕ ಬರುತ್ತದೆ.

2025ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ನಿಮ್ಮ ಕಚೇರಿಯಲ್ಲಿ ಮನೆಯ ಕಾರಣಕ್ಕೆ ಯಾರಾದರೂ ರಾಜೀನಾಮೆ ತಂದರೆ, ಅರುಂಧತಿಯವರ ಆ ರಜೆಯ ನಿರ್ಧಾರವನ್ನು ನೆನೆದು, ಸಹಿ ಹಾಕುವ ಮುನ್ನ ದೀರ್ಘ ರಜೆ ಸಾಲುತ್ತದೆಯೇ ಎಂದು ದಯವಿಟ್ಟು ಕೇಳಿ ನೋಡಿ.